ಹುಳದ ಮನೆಯ ಗೂಬೆ

ಮೊನ್ನೆ ಕನಕಪುರದಿಂದ ರಾಮನಗರಕ್ಕೆ ಹೋಗುವ ಬಸ್ಸಿಗೆ ಒಬ್ಬ ಮನುಷ್ಯ ರೇಷ್ಮೆಗೂಡಿನ ಚೀಲ ಹೊತ್ತುಕೊಂಡು ಹತ್ತಿದ. ಬಿಳಿ ಬಟ್ಟೆಯ ದೊಡ್ಡ ಚೀಲ. ನೋಡಲು ಗಾತ್ರ, ಎತ್ತಿದರೆ ಹಗುರ. ಕಂಡಕ್ಟರ್ ಅದಕ್ಕೂ ಟಿಕೆಟ್ ತಗೋ ಅಂದ, ಅವನು ಗೂಡಿಗೆ ಎಂಥ ಟಿಕೆಟ್ಟು ಅಂದ, ಇಬ್ಬರೂ ಸ್ವಲ್ಪ ಹೊತ್ತು ಸುಖವಾಗಿ ಜಗಳವಾಡಿದರು. ಕೊನೆಗೆ ಚೀಲ ನನ್ನ ಕಾಲ ಬಳಿ ಬಂದು ಕೂತಿತು. ಕಿಟಕಿಯಿಂದ ಗಾಳಿ ನುಗ್ಗಿದ್ದೇ ತಡ, ಆ ವಾಸನೆ ಎದ್ದಿತು. ಅದನ್ನು ಸುವಾಸನೆ ಅಂದರೆ ಯಾರೂ ಒಪ್ಪುವುದಿಲ್ಲ, ದುರ್ವಾಸನೆ ಅನ್ನಲು ನನಗೆ ಮನಸ್ಸಿಲ್ಲ. ಹಿಪ್ಪುನೇರಳೆಯ ಬಾಡಿದ ಸೊಪ್ಪು, ಸುಣ್ಣ, ಹುಳದ ಮೈಯ ಹಸಿ ಬಿಸುಪು, ಎಲ್ಲ ಸೇರಿದ ಒಂದು ವಾಸನೆ. ಪಕ್ಕದಲ್ಲಿದ್ದ ಹುಡುಗಿ ದುಪಟ್ಟಾದ ತುದಿಯಿಂದ ಮೂಗು ಮುಚ್ಚಿಕೊಂಡಳು. ನಾನು ಕಣ್ಣು ಮುಚ್ಚಿಕೊಂಡೆ. ರಸ್ತೆಯ ಎರಡೂ ಕಡೆಯ ಕಲ್ಲು ಬಂಡೆಗಳು ನಿಧಾನವಾಗಿ ಕರಗಿಹೋದವು, ಉಯ್ಯಂಬಳ್ಳಿ ಕಡೆಯ ಒಂದು ಚಳಿಗಾಲದ ಸಂಜೆ ಬಂದು ಎದುರಿಗೆ ನಿಂತಿತು.

ಎರಡು ಸಾವಿರದ ಮೊದಲ ದಶಕದ ನಡುಭಾಗ. ಕನಕಪುರದ ಒಂದು ಕಾಲೇಜಿನ ಪ್ರಯೋಗಾಲಯಕ್ಕೆ ನನಗೆ ವರ್ಗವಾಗಿತ್ತು. ಕೆಲಸವೇನೂ ಹೇಳಿಕೊಳ್ಳುವಂಥದಲ್ಲ. ಕಪ್ಪೆ, ಜಿರಲೆಗಳನ್ನು ಗಾಜಿನ ಬಾಟಲಿಗಳಲ್ಲಿ ಕಾಪಾಡುವುದು, ಅವುಗಳನ್ನು ಕಂಡು ಹೇಸುವ ಹುಡುಗ ಹುಡುಗಿಯರನ್ನು ಬೈಯುವುದು. ಎರಡನೆಯದು ನನಗೆ ಚೆನ್ನಾಗಿ ಬರುತ್ತಿತ್ತು. ಚನ್ನಪಟ್ಟಣದ ಮನೆಯಲ್ಲಿ ಅಮ್ಮ ನನ್ನ ಮದುವೆಯ ಮಾತನ್ನು ಆಗಷ್ಟೇ ಕೈಬಿಟ್ಟಿದ್ದಳು. ಆ ನೆಮ್ಮದಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಡಿಜಿಟಲ್ ಕ್ಯಾಮೆರಾ, ಉದ್ದ ಮೂತಿಯ ಒಂದು ಲೆನ್ಸು ಕೊಂಡಿದ್ದೆ. ವಾರವಿಡೀ ಸತ್ತ ಪ್ರಾಣಿಗಳ ಜತೆ, ಭಾನುವಾರ ಬದುಕಿದವುಗಳ ಜತೆ. ಸ್ಕೂಟರ್ ಹತ್ತಿ ಬಂಡೆಯಿಂದ ಬಂಡೆಗೆ ಅಲೆಯುತ್ತಿದ್ದೆ.

ನಮ್ಮ ಸೀಮೆಯ ಬಂಡೆಗಳನ್ನು ಕುರಿತು ನನಗೆ ಆಗಿನಿಂದಲೂ ಒಂದು ಮಬ್ಬು ಪ್ರೀತಿ. ಮಧ್ಯಾಹ್ನ ಬೋಳು ಬೋಳಾಗಿ, ಯಾವ ಸಂಬಂಧವೂ ಇಲ್ಲದವರ ಹಾಗೆ ಬಿದ್ದಿರುತ್ತವೆ. ಸಂಜೆಯ ಬೆಳಕು ತಾಗಿದಾಗ ಒಂದೊಂದು ಬಿರುಕಿನಲ್ಲೂ ಒಂದೊಂದು ಜೀವ ಇಣುಕುತ್ತದೆ. ಆ ವರ್ಷ ಅಂಥ ಬಂಡೆಗಳು ಲಾರಿ ಹತ್ತಿ ಹೋಗುತ್ತಿದ್ದವು. ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದವು, ರಸ್ತೆಗಳು ಅಗಲವಾಗುತ್ತಿದ್ದವು, ಎಲ್ಲಕ್ಕೂ ಕಲ್ಲು ಬೇಕಿತ್ತು. ಒಂದೇ ಒಂದು ಕಲ್ಲನ್ನು ಹೊತ್ತು, ಅದನ್ನು ಸರಪಳಿಯಿಂದ ಬಿಗಿದುಕೊಂಡು ಲಾರಿಗಳು ಎದುರಾದಾಗ ನಾನು ಸ್ಕೂಟರನ್ನು ಪಕ್ಕಕ್ಕೆ ಇಳಿಸಿ ನಿಲ್ಲುತ್ತಿದ್ದೆ. ಯಾವ ಬಂಡೆ ಇದು, ಇದರ ಬಿರುಕಿನಲ್ಲಿ ಯಾರಿದ್ದರು ಅನ್ನಿಸುತ್ತಿತ್ತು.

ಕಾರ್ತಿಕದ ಒಂದು ಸಂಜೆ, ಉಯ್ಯಂಬಳ್ಳಿಯಿಂದ ಇನ್ನೂ ಒಳಗೆ, ಹಿಪ್ಪುನೇರಳೆ ತೋಟದ ಹಿಂದಿದ್ದ ಒಂದು ಬಂಡೆಯಿಂದ ಬೂ... ಬೂ... ಎಂಬ ದನಿ ಕೇಳಿತು. ಕೊಂಬಿನ ಗೂಬೆ. ನಮ್ಮ ಕಡೆ ಮಕ್ಕಳನ್ನು ಹೆದರಿಸುವ ಗುಮ್ಮ ಅದೇ. ಲೆನ್ಸನ್ನು ಟ್ರೈಪಾಡಿನ ಮೇಲೆ ಇಟ್ಟು ನೋಡಿದೆ. ಬಂಡೆಯ ನಡುಮಟ್ಟದಲ್ಲಿ ಜಗಲಿಯ ಹಾಗೆ ಹೊರಬಂದ ಚಾಚಿನಲ್ಲಿ, ಕಲ್ಲಿನ ಬಣ್ಣವನ್ನೇ ಉಟ್ಟುಕೊಂಡು, ಕಿತ್ತಳೆಯ ಎರಡು ಕಣ್ಣು ತೆರೆದು ಕೂತಿತ್ತು. ಅದರ ಸ್ವಲ್ಪ ಮೇಲೆ ಜೋಡಿ. ನಾನು ಉಸಿರು ಬಿಡುವುದನ್ನೂ ಮರೆತು ಬಾಗಿದ್ದಾಗ ಹಿಂದಿನಿಂದ ಯಾರೋ ಗದರಿದರು.

"ಯಾರಮ್ಮಿ ನೀನು? ಯಾರ್ನ ಕೇಳಿ ಅಳತೆ ಹಾಕ್ತಿದ್ದೀಯ?"

ತಿರುಗಿದರೆ ಸೊಪ್ಪು ಕುಯ್ಯುವ ಕುಡುಗೋಲು ಹಿಡಿದು ಒಬ್ಬ ಹೆಂಗಸು. ನಲವತ್ತರ ಆಚೆಯ ವಯಸ್ಸು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಮೂರು ಕಾಲಿನ ಮೇಲೆ ಕೂತ ನನ್ನ ಕ್ಯಾಮೆರಾವನ್ನು ಅವಳು ಸರ್ವೆಯವರ ಯಂತ್ರ ಅಂದುಕೊಂಡಿದ್ದಳು. ಅಳತೆಯಲ್ಲ, ಹಕ್ಕಿಯ ಫೋಟೋ ಅಂದರೆ ನಂಬಲಿಲ್ಲ. ಬಂಡೆಯ ಮೇಲೆ ಹಕ್ಕಿ ಎಲ್ಲಿದೆ ಅಂತ ಕೇಳಿದಳು. ಬಂದು ನೀನೇ ನೋಡು ಅಂದೆ. ಕುಡುಗೋಲು ಕೆಳಗಿಡದೆಯೇ ಬಗ್ಗಿ ಒಂದು ಕಣ್ಣಿಟ್ಟಳು, ಸರಕ್ಕನೆ ಹಿಂದಕ್ಕೆ ಬಂದಳು.

"ಕಣ್ ಬುಟ್ಕಂಡು ನನ್ನೇ ನೋಡ್ತೈತೆ ಕಣವ್ವ," ಅಂದಳು. ಆಮೇಲೆ ಇನ್ನೊಂದು ಸಲ ನೋಡಿದಳು. ಮೂರನೆಯ ಸಲ ನೋಡುವಾಗ ಕುಡುಗೋಲು ನೆಲದ ಮೇಲಿತ್ತು.

ಹಾಗೆ ಪರಿಚಯವಾದವಳು ತಾಯಮ್ಮ. ಆ ಬಂಡೆ ಅವಳ ಗಂಡ ನಿಂಗೇಗೌಡನಿಗೂ ಗಂಡನ ಅಣ್ಣ ಬೋರೇಗೌಡನಿಗೂ ಸೇರಿದ ಜಂಟಿ ಆಸ್ತಿ. ಕಲ್ಲು ಗಣಿಯ ಒಬ್ಬ ಗುತ್ತಿಗೆದಾರ ಅದರ ಮೇಲೆ ಕಣ್ಣು ಹಾಕಿದ್ದ. ಬೋರೇಗೌಡ ಒಪ್ಪಿಯಾಗಿತ್ತು. ನಿಂಗೇಗೌಡ ಯಾರು ಏನು ಹೇಳಿದರೂ ಹೌದು ಅನ್ನುವ ಪ್ರಾಣಿ. ಅಣ್ಣ ಎದುರಿಗಿದ್ದಾಗ ಅಣ್ಣನಿಗೆ ಹೌದು, ಹೆಂಡತಿ ಎದುರಿಗಿದ್ದಾಗ ಹೆಂಡತಿಗೆ ಹೌದು. ಆದ್ದರಿಂದ ಬೇಡ ಅನ್ನುವ ಕೆಲಸವೆಲ್ಲ ತಾಯಮ್ಮನ ಪಾಲಿಗೆ ಬಂದಿತ್ತು. ಪಕ್ಕದ ಊರಿನಲ್ಲಿ ಬಂಡೆ ಸಿಡಿಸಲು ಶುರುಮಾಡಿದ ಮೇಲೆ ಹಿಪ್ಪುನೇರಳೆ ಎಲೆಗಳ ಮೇಲೆ ಕಲ್ಲಿನ ದೂಳು ಕೂತದ್ದನ್ನು, ಆ ಎಲೆ ತಿಂದ ಹುಳ ತಲೆ ಅಲ್ಲಾಡಿಸುತ್ತಾ ಸತ್ತದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಅಲ್ಲಿ ಈಗ ಯಾರೂ ಹುಳ ಸಾಕುವುದಿಲ್ಲವಂತೆ. ಅವಳಿಗೆ ರೇಷ್ಮೆಹುಳ ಬಿಟ್ಟರೆ ಬೇರೆ ಬದುಕು ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆದರೆ ಅವಳ ಹಿಂದಿನ ಬೆಳೆ ಕೆಟ್ಟಿತ್ತು. ಇಲಿಗಳು ತಟ್ಟೆ ಹತ್ತಿ ಹುಳ ತಿಂದಿದ್ದವು. ಬೆಕ್ಕು ಸಾಕಿದರೆ ಅದು ಹುಳದ ತಟ್ಟೆಯೇ ಮೆತ್ತಗಿದೆ ಅಂತ ಅದರ ಮೇಲೆ ಮಲಗಿತು. ಜಗಲಿಯ ಮೇಲೆ ಕೂತು ಅಣ್ಣ ತಮ್ಮ ಮಾತಾಡಿ ಒಂದು ತೀರ್ಮಾನಕ್ಕೆ ಬಂದಿದ್ದರು: ಸಂಕ್ರಾಂತಿಯ ಹುಳ ನೋಡುವುದು. ಅದು ಕೈಗೆ ಹತ್ತಿದರೆ ಬಂಡೆಯ ಮಾತು ಬಿಡುವುದು, ಕೈಕೊಟ್ಟರೆ ತಾಯಮ್ಮ ಇನ್ನು ತುಟಿ ಬಿಚ್ಚಬಾರದು. ಅದರ ಮೇಲೆ ಗೂಬೆ ಬೇರೆ ಬಂದು ಬಂಡೆಯಲ್ಲಿ ಕೂತಿದೆ ಅನ್ನುವುದು ಊರಿಗೆಲ್ಲ ಗೊತ್ತಾಯಿತು. ಬೋರೇಗೌಡನಿಗೆ ಅಷ್ಟು ಸಾಕಾಗಿತ್ತು. ಗೂಬೆ ಕೂತ ಬಂಡೆ ಮನೆಗೆ ಒಳ್ಳೇದಲ್ಲ, ಸಿಡಿಸಿಬಿಡುವುದೇ ಲೇಸು ಅಂತ ಹೇಳುತ್ತಾ ತಿರುಗಿದ.

ಆ ಚಳಿಗಾಲ ನನಗೆ ಈಗಲೂ ಬೆಳಗಿನ ಕನಸಿನ ಹಾಗೆ, ಅರ್ಧ ನೆನಪು ಅರ್ಧ ಮಂಜು. ಕತ್ತಲಿರುವಾಗಲೇ ಕನಕಪುರ ಬಿಟ್ಟರೆ ದಾರಿಯುದ್ದಕ್ಕೂ ರಾಗಿ ಹೊಲಗಳ ಮೇಲೆ ಇಬ್ಬನಿ. ಸ್ಕೂಟರಿನ ದೀಪ ಹತ್ತಡಿ ಮುಂದಕ್ಕೂ ಹೋಗದೆ ಬಿಳಿಯ ಒಳಗೆ ಮುಳುಗುತ್ತಿತ್ತು. ತೋಟದ ಬದುವಿನಲ್ಲಿ ಕಡ್ಡಿ ಸೊಪ್ಪಿನ ಗುಡಾರದಂಥ ಮರೆ ಕಟ್ಟಿಕೊಂಡು, ಮೈಗೆ ಗೋಣಿ ಸುತ್ತಿಕೊಂಡು ಕೂರುತ್ತಿದ್ದೆ. ಸೂರ್ಯ ಬರುವ ಮುಂಚೆ ಬಂಡೆ ನೀಲಿಯಾಗಿರುತ್ತಿತ್ತು, ಆಮೇಲೆ ಬೂದಿ, ಆಮೇಲೆ ಒಂದು ಗಳಿಗೆ ಮಾತ್ರ ಜೇನಿನ ಬಣ್ಣ. ಆ ಗಳಿಗೆಯಲ್ಲಿ ಹೆಣ್ಣು ಗೂಬೆ ರೆಕ್ಕೆ ಸಡಿಲಿಸಿ ಕಣ್ಣು ಮುಚ್ಚುವುದು. ಮೊಟ್ಟೆಯ ಮೇಲೆ ಕೂತಿತ್ತು. ಗಂಡು ಸ್ವಲ್ಪ ದೂರದ ಬಿರುಕಿನಲ್ಲಿ ನಿಂತು ಕಾಯುವುದು. ಎಷ್ಟೋ ದಿನ ಕ್ಯಾಮೆರಾದ ಗುಂಡಿಯನ್ನು ಒತ್ತದೆಯೇ ಎದ್ದು ಬಂದಿದ್ದೇನೆ.

ತಾಯಮ್ಮ ಹಿತ್ತಾಳೆ ಲೋಟದಲ್ಲಿ ಕಾಫಿ ತರುತ್ತಿದ್ದಳು. ನನ್ನನ್ನು ಮೇಡಮ್ಮ ಅಂತ ಕರೆಯುತ್ತಿದ್ದಳು. ಮದುವೆಯಿಲ್ಲ, ಮಕ್ಕಳಿಲ್ಲ, ಚಳಿಯಲ್ಲಿ ಬಂದು ಗೂಬೆ ಕಾಯುತ್ತೀಯಲ್ಲ ಅಂತ ಮೊದಮೊದಲು ಮರುಕಪಟ್ಟಳು. ಸಲುಗೆ ಬೆಳೆದ ಮೇಲೆ ಮರುಕ ಹೋಗಿ ಚೇಷ್ಟೆ ಬಂತು. "ಗೂಬೆಗೂ ಒಂದು ಜೋಡಿ ಐತೆ ಮೇಡಮ್ಮ, ನಿಂಗೇ ಇಲ್ವಲ್ಲ," ಅಂದಳು ಒಂದು ದಿನ. ನಗು ಬಂದು ಗೋಣಿ ಜಾರಿತು, ಗಂಡು ಗೂಬೆ ಬೇಸರದಿಂದ ಹಾರಿಹೋಯಿತು.

ಮರಿಗಳಾದವು. ಬಿಳಿ ಹತ್ತಿಯ ಎರಡು ಮುದ್ದೆಗಳು. ಆಮೇಲೆ ಸಂಜೆಯ ಕೊನೆಯ ಬೆಳಕಿನಲ್ಲಿ ಗಂಡು ಗೂಬೆ ಕಾಲಲ್ಲಿ ಇಲಿ ಹಿಡಿದು ಚಾಚಿಗೆ ಇಳಿಯುವುದು ಕಂಡಿತು. ಅಂಥದೊಂದು ಸಂಜೆ ನನಗೆ ಆ ಚಿತ್ರ ಸಿಕ್ಕಿತು. ಎರಡೂ ರೆಕ್ಕೆ ಚಾಚಿ, ಉಗುರಿನಲ್ಲಿ ಹೆಗ್ಗಣವೊಂದನ್ನು ತೂಗಿಸಿಕೊಂಡು, ನೇರ ನನ್ನ ಕಡೆ ನೋಡುತ್ತಾ ಬರುತ್ತಿರುವ ಗೂಬೆ. ಅದಕ್ಕಿಂತ ಒಳ್ಳೆಯ ಚಿತ್ರವನ್ನು ನಾನು ಆಮೇಲೆ ತೆಗೆದಿಲ್ಲ.

ಆಗ ಕಾಲೇಜಿನ ಕಂಪ್ಯೂಟರ್ ವಿಭಾಗದ ಗೆಳತಿಯೊಬ್ಬಳು ನನಗೊಂದು ವೆಬ್ ಪುಟ ಮಾಡಿಕೊಟ್ಟಿದ್ದಳು. ಕನಕಪುರದ ಸೈಬರ್ ಸೆಂಟರಿನಲ್ಲಿ ಕೂತು ಒಂದು ಚಿತ್ರ ಏರಿಸುವಷ್ಟರಲ್ಲಿ ಎರಡು ಸಲ ಕರೆಂಟು ಹೋಗುತ್ತಿತ್ತು. ಚಿತ್ರದ ಕೆಳಗೆ ಅವತ್ತು ಕಂಡದ್ದನ್ನು ನಾಲ್ಕು ಸಾಲು ಬರೆಯುತ್ತಿದ್ದೆ. ಊರಿನ ಹೆಸರು ಹಾಕುತ್ತಿರಲಿಲ್ಲ, ಬಂಡೆಯ ಗುರುತು ಹೇಳುತ್ತಿರಲಿಲ್ಲ. ಎಲ್ಲೆಲ್ಲಿಯವರೋ ನೋಡಿ ಮರುದಿನ ಮಾತು ಬರೆಯುತ್ತಿದ್ದರು. ಬೇಕು ಅಂದವರಿಗೆ ಬೆಂಗಳೂರಿನಲ್ಲಿ ಪ್ರಿಂಟ್ ಹಾಕಿಸಿ, ರಟ್ಟಿನ ಕೊಳವೆಯಲ್ಲಿ ಸುತ್ತಿ, ಕೊರಿಯರ್ ಮಾಡುತ್ತಿದ್ದೆ. ತಾಯಮ್ಮನ ತೋಟದ ಹಿಂದಿನ ಸಂಜೆಯೊಂದು ಕಂಡು ಕೇಳದ ಊರಿನ ಯಾರದೋ ಗೋಡೆಯ ಮೇಲೆ ನಿಂತಿರುತ್ತದೆ ಅನ್ನುವುದನ್ನು ನೆನೆಯುತ್ತಾ ನಾನು ಕೊರಿಯರ್ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಡುತ್ತಿದ್ದೆ.

ಗೂಬೆಯ ಚಿತ್ರವನ್ನು ಮೊದಲು ಕೇಳಿದವರು ಕೋಲ್ಕತ್ತದ ಒಬ್ಬ ಹೆಂಗಸು. ಮನೆಯ ದೇವರ ಕೋಣೆಗೆ ಬೇಕು ಅಂತ ಬರೆದಿದ್ದರು. ನನಗೆ ಅರ್ಥವಾಗಲಿಲ್ಲ. ದೇವರ ಕೋಣೆಗೆ ಗೂಬೆಯೇ ಅಂತ ಕೇಳಿದೆ. ನಮ್ಮಲ್ಲಿ ಗೂಬೆ ಲಕ್ಷ್ಮಿಯ ವಾಹನ, ಅದು ಮನೆಗೆ ಬಂದರೆ ಓಡಿಸುವುದಿಲ್ಲ, ಲಕ್ಷ್ಮಿಯ ಗೂಬೆಗೆ ಕೊಂಬಿಲ್ಲ, ನಿಮ್ಮದಕ್ಕೆ ಕೊಂಬು ಒಂದಿಷ್ಟು ಹೆಚ್ಚಾದರೂ ಪರವಾಗಿಲ್ಲ ಅಂತ ಉತ್ತರ ಬಂತು.

ಮುಂದಿನ ಭಾನುವಾರ ಇದನ್ನು ತಾಯಮ್ಮನಿಗೆ ಹೇಳಿದೆ. ಕೋಲ್ಕತ್ತ ಎಲ್ಲಿದೆ ಅಂತ ಕೇಳಿದಳು. ಅಲ್ಲಿಯವರೂ ಅನ್ನ ತಿನ್ನುತ್ತಾರಾ ಅಂತ ಕೇಳಿದಳು. ಆಮೇಲೆ ಬಂಡೆಯ ಬುಡಕ್ಕೆ ಹೋಗಿ, ಗೂಬೆ ಉಗುಳಿದ್ದ ಕೂದಲುಂಡೆಗಳನ್ನು ಕಡ್ಡಿಯಿಂದ ಬಿಡಿಸಿ ನೋಡಿದಳು. ಒಳಗೆ ಬರೀ ಇಲಿಯ ಮೂಳೆ. ಆ ಸಲ ಮನೆಯ ಅಟ್ಟದಲ್ಲಿ ಇಲಿಗಳ ಓಡಾಟ ಕಡಮೆಯಾದದ್ದು ಯಾಕೆ ಅನ್ನುವುದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. "ನಂಗೂ ಒಂದು ಪಟ ಕೊಡು," ಅಂದಳು. ಕಟ್ಟು ಹಾಕಿಸಿ ಕೊಟ್ಟೆ. ಹುಳದ ಮನೆಯಲ್ಲಿ, ಲಕ್ಷ್ಮಿಯ ಕ್ಯಾಲೆಂಡರಿನ ಪಕ್ಕದಲ್ಲೇ ಮೊಳೆ ಹೊಡೆದಳು. ನಿಂಗೇಗೌಡ ಇದು ಬೇಕಾ ಅಂತ ಮೆಲ್ಲಗೆ ಕೇಳಿದ. ಉಳಿದ ಇಲಿಗಳೂ ನೋಡಿಕೊಳ್ಳಲಿ ಅಂದಳು. ಅವನು ಹೌದು ಅಂದ.

ಸಂಕ್ರಾಂತಿ ಕಳೆದು ಚಾಕಿ ಹುಳ, ಅಂದರೆ ಎಳೆಯ ಮರಿಹುಳ, ತಂದರು. ಹುಳದ ಮನೆಗೆ ಹೊರಗಿನವರು ಕಾಲಿಡುವಂತಿಲ್ಲ. ಯಾರ ಕಾಲಲ್ಲಿ ಯಾವ ರೋಗವೋ, ಯಾರ ಕಣ್ಣಲ್ಲಿ ಯಾವ ದೃಷ್ಟಿಯೋ. ಹುಳ ಹಣ್ಣಾಗಿ ಆಳುಗಳು ಬರುವ ದಿನದವರೆಗೆ ಮನೆಯವರಷ್ಟೇ. ನನ್ನನ್ನು ಮನೆಯವಳೆಂದು ಎಣಿಸಿದ್ದಕ್ಕೆ ಆಗ ಒಳಗೊಳಗೇ ಹಿಗ್ಗಿದ್ದೆ. ಸುಣ್ಣದ ನೀರಿನಲ್ಲಿ ಕಾಲದ್ದಿ ಒಳಗೆ ಹೋದರೆ ಅರೆಗತ್ತಲು, ಬೆಚ್ಚಗಿನ ಗಾಳಿ, ಸಾವಿರ ಸಾವಿರ ಬಾಯಿಗಳು ಸೊಪ್ಪು ಮೇಯುವ ಸದ್ದು. ಹೊರಗೆ ಮಳೆ ಹಿಡಿಯಿತೇನೋ ಅನ್ನಿಸಿ ಒಂದೆರಡು ಸಲ ಬಾಗಿಲಿಗೆ ಬಂದು ನೋಡಿದ್ದೇನೆ. ಪೊರೆ ಬಿಡುವ ಮುಂಚೆ ಹುಳಗಳು ತಲೆ ಎತ್ತಿ ಮೇವು ಬಿಟ್ಟು ಕೂರುವುದಕ್ಕೆ ಅವರು ಜ್ವರ ಅನ್ನುತ್ತಾರೆ. ನಾಲ್ಕು ಜ್ವರ ದಾಟಬೇಕು. ಜ್ವರದ ದಿನ ತಾಯಮ್ಮ ಮನೆಯಲ್ಲಿ ಜೋರಾಗಿ ಮಾತಾಡಲೂ ಬಿಡುತ್ತಿರಲಿಲ್ಲ. ನಾಲ್ಕನೆಯ ಜ್ವರವೂ ಇಳಿದಾಗ ಅವಳ ಮುಖದಲ್ಲಿ ಮೊದಲ ಸಲ ನೆಮ್ಮದಿ ಕಂಡೆ. ರೋಗವಿಲ್ಲ, ಇಲಿಯಿಲ್ಲ, ಎಲೆಗೆ ದೂಳಿಲ್ಲ.

ಹುಳ ಹಣ್ಣಾಗುವುದು ಹೇಳಿ ಕೇಳಿ ಬರುವುದಲ್ಲ. ಒಂದು ಬೆಳಿಗ್ಗೆ ಮೈ ಹಳದಿಗೆ ತಿರುಗಿ, ಬೆಳಕಿಗೆ ಹಿಡಿದರೆ ಒಳಗೆಲ್ಲ ಕಾಣುವಷ್ಟು ತಿಳಿಯಾಗಿ, ಗೂಡು ಕಟ್ಟಲು ಜಾಗ ಹುಡುಕತೊಡಗುತ್ತವೆ. ಅವತ್ತೇ ಒಂದೊಂದನ್ನೂ ಆಯ್ದು ಚಂದ್ರಿಕೆಗೆ ಹಾಕಬೇಕು. ಚಂದ್ರಿಕೆಯೆಂದರೆ ಬಿದಿರು ಚಾಪೆಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಸುತ್ತಿದ ದೊಡ್ಡ ತಟ್ಟೆ. ತಡವಾದರೆ ಹುಳ ಇದ್ದಲ್ಲೇ ನೂಲು ಬಿಟ್ಟು ಸೊಪ್ಪಿನ ಕಸದಲ್ಲಿ ಹಾಳಾಗುತ್ತದೆ. ಮನೆಯವರ ಕೈಯಲ್ಲಿ ಆಗುವ ಕೆಲಸವಲ್ಲ, ಹತ್ತು ಜನ ಬೇಕು.

ಅದು ಭಾನುವಾರವಾಗಿತ್ತು, ನಾನೂ ಇದ್ದೆ. ಪಕ್ಕದ ಊರಿನಿಂದ ಸಣ್ಣಮ್ಮ ಅನ್ನುವವಳು ತನ್ನ ಹೆಣ್ಣಾಳುಗಳ ಗುಂಪನ್ನು ಕರೆದುಕೊಂಡು ಬಂದಳು. ಬೋರೇಗೌಡ ಜಗಲಿಯ ಮೇಲೆ ಕೂತು ಎಲೆಯಡಿಕೆ ಹಾಕುತ್ತಿದ್ದ. ಹೆಂಗಸರು ನಗುತ್ತಾ ಸುಣ್ಣದ ನೀರಿನಲ್ಲಿ ಕಾಲದ್ದಿ ಒಳಗೆ ಹೋದರು, ಹೋದ ಹಾಗೆಯೇ ಹೊರಗೆ ಬಂದರು. ನಗು ಒಳಗೇ ಉಳಿದಿತ್ತು. ಗೋಡೆಯ ಮೇಲೆ ರೆಕ್ಕೆ ಚಾಚಿ ಅವರ ಮೇಲೇ ಬರುತ್ತಿದ್ದ ಗೂಬೆಯನ್ನು ಅವರು ಕಂಡದ್ದು ಅದೇ ಮೊದಲು.

"ಹುಳದ ಮನೇಲಿ ಗೂಬೆ ಕೂರ್ಸವ್ಳೆ. ನಮಗೂ ಮಕ್ಕಳು ಮರಿ ಅವ್ವೆ ಕಣವ್ವ," ಅಂದಳು ಸಣ್ಣಮ್ಮ.

ನಾನು ಓಡಿಹೋಗಿ ಪಟಕ್ಕೆ ಕೈ ಹಾಕಿದೆ. ತೆಗೆದುಬಿಟ್ಟರೆ ಮುಗಿಯಿತಲ್ಲ ಅಂತ. ಸಣ್ಣಮ್ಮ ತಲೆ ಅಲ್ಲಾಡಿಸಿದಳು. ನಮ್ಮ ಸೀಮೆಯ ರೂಢಿ ನನಗೂ ಗೊತ್ತಿಲ್ಲದ್ದಲ್ಲ. ಗೂಬೆ ಕೂತ ಮನೆಯನ್ನು ಬೀಗ ಹಾಕಿ ಬಿಡಬೇಕು, ಶಾಂತಿ ಮಾಡಿಸಿ ಆಮೇಲೆ ಒಳಗೆ ಬರಬೇಕು. ಕೂತದ್ದು ಎದ್ದುಹೋದರೂ ಕೂತ ದೋಷ ಹೋಗುವುದಿಲ್ಲ. ಪಟವಾದರೇನು, ಕಣ್ಣು ಬಿಟ್ಟುಕೊಂಡು ಕೂತಿತ್ತಲ್ಲ ಅಂತ ಅವರ ವಾದ. ಒಬ್ಬಿಬ್ಬರು ಆಗಲೇ ಬೇಲಿಯ ಕಡೆ ತಿರುಗಿದ್ದರು. ಒಳಗೆ ತಟ್ಟೆತಟ್ಟೆಯಲ್ಲೂ ಹಣ್ಣು ಹುಳಗಳು ತಲೆ ಎತ್ತಿ ಗಾಳಿಯಲ್ಲಿ ಏನನ್ನೋ ಹುಡುಕುತ್ತಿದ್ದವು. ಕೆಲವು ಆಗಲೇ ತಟ್ಟೆಯ ಅಂಚಿಗೆ ನೂಲು ಅಂಟಿಸಿದ್ದವು. ಕೈಗೆ ಬಂದ ತುತ್ತು ಬಾಯಿಗೆ ಬರದೆ ಹೋಗುವುದೆಂದರೆ ಇದೇ ಅನ್ನಿಸಿತು. ನನ್ನ ಚಿತ್ರದಿಂದ ಅವಳ ಬೆಳೆ, ಅವಳ ಬೆಳೆಯಿಂದ ಬಂಡೆ, ಬಂಡೆಯಿಂದ ಆ ಎರಡು ಮರಿಗಳು.

ಬೋರೇಗೌಡ ಎಲೆಯಡಿಕೆ ಉಗುಳಿ ಬಂದ. ಕೆಟ್ಟವನಲ್ಲ ಅವನು, ದನಿಯಲ್ಲಿ ಕನಿಕರವೇ ಇತ್ತು. ಹಟ ಬಿಡು ತಾಯಮ್ಮ, ದೇವರೇ ದಾರಿ ತೋರಿಸುತ್ತಿದ್ದಾನೆ, ನಾಳೆ ಗುತ್ತಿಗೆದಾರನಿಗೆ ಹೇಳಿ ಕಳಿಸುತ್ತೇನೆ ಅಂದ. ನಿಂಗೇಗೌಡ ಹೌದು ಅನ್ನಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮುಚ್ಚಿಕೊಂಡ.

ತಾಯಮ್ಮ ಒಳಗೆ ಹೋದಳು. ಅಳುತ್ತಾಳೇನೋ ಅಂದುಕೊಂಡೆ. ಹೊರಗೆ ಬಂದಾಗ ಒಂದು ಕೈಯಲ್ಲಿ ಗೂಬೆಯ ಪಟ, ಇನ್ನೊಂದರಲ್ಲಿ ಆರತಿ ತಟ್ಟೆ. ಹುಳದ ಮನೆಯೊಳಗೆ ಹೊಗೆ ಆಗದು, ಆದ್ದರಿಂದ ಅಂಗಳದ ಆಚೆ ತುದಿಯ ಕಲ್ಲಿಗೆ ಪಟವನ್ನು ಒರಗಿಸಿದಳು. ಸೆರಗಿನಿಂದ ಗಾಜು ಒರೆಸಿದಳು. ಗೂಬೆಯ ಎರಡು ಕಣ್ಣುಗಳ ನಡುವೆ ಅರಿಸಿನ ಕುಂಕುಮ ಇಟ್ಟಳು, ಮುಡಿಯಲ್ಲಿದ್ದ ಹೂವನ್ನು ತೆಗೆದು ಕೊಂಬಿನ ಮೇಲೆ ಸಿಕ್ಕಿಸಿದಳು. ಕರ್ಪೂರ ಹಚ್ಚಿ ಮೂರು ಸಲ ಬೆಳಗಿ, ತಟ್ಟೆಯನ್ನು ನೇರ ಸಣ್ಣಮ್ಮನ ಮುಂದೆ ಹಿಡಿದಳು.

"ಲಕ್ಷ್ಮಿ ಕೂರೋ ಗಾಡಿ ಇದು. ಈಸ್ವರನ್ಗೆ ಕೈ ಮುಗ್ದು ಬಸವಣ್ಣನ್ನ ಬುಟ್ಟು ಬತ್ತೀರಾ? ತಕಳಿ ಮಂಗಳಾರತಿ."

ಯಾರೂ ಅಲ್ಲಾಡಲಿಲ್ಲ. ಕರ್ಪೂರದ ಉರಿ ಬೆಳಗಿನ ಬಿಸಿಲಿನಲ್ಲಿ ಬಣ್ಣವಿಲ್ಲದೆ ನಡುಗುತ್ತಿತ್ತು. ಎದುರಿಗೆ ಬಂದ ಮಂಗಳಾರತಿಗೆ ಕೈ ಒಡ್ಡದೆ ಅದನ್ನು ಆರಲು ಬಿಡುವವರು ನಮ್ಮ ಕಡೆ ಇನ್ನೂ ಹುಟ್ಟಿಲ್ಲ. ಯಾವ ದೇವರು, ಏನು ಕತೆ ಅಂತ ಆಮೇಲೆ ಕೇಳುತ್ತಾರೆ, ಕೈ ಮೊದಲು ಹೋಗುತ್ತದೆ. ಉರಿ ಕುಗ್ಗುತ್ತಾ ಬಂತು. ಸಣ್ಣಮ್ಮ ತಟ್ಟೆ ನೋಡಿದಳು, ಗೂಬೆ ನೋಡಿದಳು, ಹಿಂದಿದ್ದವರನ್ನು ನೋಡಿದಳು. ಆಮೇಲೆ ಎರಡೂ ಕೈ ಚಾಚಿ ಉರಿಯ ಮೇಲೆ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಉಳಿದವರ ಕೈಗಳು ಒಂದರ ಹಿಂದೊಂದು ಬಂದವು. ತಾಯಮ್ಮ ತಟ್ಟೆಯನ್ನು ಜಗಲಿಗೆ ಒಯ್ದಳು. ಮನೆಯ ಹಿರಿಯ ಬೋರೇಗೌಡ ಒಂದು ಕ್ಷಣ ಅತ್ತಿತ್ತ ನೋಡಿ, ಹೆಗಲ ಮೇಲಿನ ಟವೆಲ್ ತೆಗೆದು ಸೊಂಟಕ್ಕೆ ಸುತ್ತಿ, ಬಗ್ಗಿ ಮಂಗಳಾರತಿ ತೆಗೆದುಕೊಂಡ.

ಅವತ್ತು ಸಂಜೆಯವರೆಗೆ ಹುಳ ಆಯ್ದೆವು. ತಣ್ಣಗೆ, ಮೆತ್ತಗೆ, ಬೆರಳ ನಡುವೆ ತುಸು ಹೊರಳುವ ಆ ಸ್ಪರ್ಶ ಇನ್ನೂ ನನ್ನ ಕೈಯಲ್ಲಿದೆ. ಚಂದ್ರಿಕೆಗಳನ್ನು ಅಂಗಳದ ನೆರಳಿನಲ್ಲಿ ಸಾಲಾಗಿ ಒರಗಿಸಿದೆವು. ಸುರುಳಿಯ ಒಂದೊಂದು ಸಂದಿಯಲ್ಲೂ ಒಂದೊಂದು ಹುಳ ತಲೆಯನ್ನು ನಿಧಾನವಾಗಿ ಆಡಿಸುತ್ತಾ ತನ್ನ ಸುತ್ತ ಗಾಳಿಯನ್ನೇ ನೇಯುತ್ತಿತ್ತು. ನೋಡನೋಡುತ್ತಾ ಹುಳ ಮಸುಕಾಗಿ, ನೂಲಿನ ಹಿಂದೆ ಸರಿದುಹೋಗುವುದು. ಇಷ್ಟೊಂದು ಜೀವಗಳು ಒಟ್ಟಿಗೇ, ಯಾವ ಸದ್ದೂ ಇಲ್ಲದೆ ಮರೆಯಾಗುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೆಳಕು ಇಳಿಯಿತು. ಬಂಡೆಯ ಕಡೆಯಿಂದ ಬೂ... ಬೂ... ಎಂದು ದನಿ ಬಂತು. ಹೆಂಗಸರೆಲ್ಲ ಕೈಕೆಲಸ ನಿಲ್ಲಿಸಿದರು. ಸಣ್ಣಮ್ಮ ಹುಳದ ಕೈಯನ್ನು ಸೆರಗಿಗೆ ಒರೆಸಿಕೊಂಡು ಬಂಡೆಯ ಕಡೆ ಮುಗಿದಳು. ನಾನು ಅತ್ತಿದ್ದನ್ನು ಯಾರೂ ನೋಡಲಿಲ್ಲ ಅಂದುಕೊಂಡಿದ್ದೇನೆ.

ಬೆಳೆ ಕೈಗೆ ಹತ್ತಿತು. ತಾಯಮ್ಮನ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಗುತ್ತಿಗೆದಾರ ಜೀಪಿನಲ್ಲಿ ಬಂದಾಗ ಮಾತಾಡಿದವನು ಬೋರೇಗೌಡನೇ. ಅದು ದೇವರಿರುವ ಬಂಡೆ, ನಾನೇ ಮಂಗಳಾರತಿ ತಗೊಂಡಿದ್ದೇನೆ, ಕೈ ಹಾಕಿದರೆ ನಿನಗೂ ಒಳ್ಳೇದಲ್ಲ ಅಂದನಂತೆ. ಜೀಪು ಬೇರೆ ಬಂಡೆ ಹುಡುಕಿಕೊಂಡು ಹೋಯಿತು. ಆ ವಾರ ನಾನು ನನ್ನ ಪುಟದಲ್ಲಿ ಏನೇನೋ ಸಂತೋಷದ ಸಾಲು ಬರೆದೆ. ಕೋಲ್ಕತ್ತದ ಹೆಂಗಸಿಗೆ, ನಿಮ್ಮ ಲಕ್ಷ್ಮಿ ನಮ್ಮ ಒಂದು ಬಂಡೆ ಉಳಿಸಿದಳು ಅಂತ ತಿಳಿಸಿದೆ.

ಹಿಡಿದರೆ ಬಿಡದ ಮನುಷ್ಯ ಬೋರೇಗೌಡ. ಕಲ್ಲು ಮಾರಲು ಹೊರಟಾಗ ಎಷ್ಟು ಉತ್ಸಾಹವಿತ್ತೋ, ದೇವರೆಂದು ಒಪ್ಪಿದ ಮೇಲೆ ಅದಕ್ಕೆ ಇಮ್ಮಡಿ. ಶಿವರಾತ್ರಿ ಕಳೆಯುವಷ್ಟರಲ್ಲಿ ಮರಿಗಳು ರೆಕ್ಕೆ ಬಲಿತು ಹಾರಿಹೋಗಿದ್ದವು, ಅದೇ ಪುಣ್ಯ. ಆಮೇಲೆ ಬಂಡೆಯ ಬುಡಕ್ಕೆ ಕಟ್ಟೆ ಬಂತು, ಸುಣ್ಣ ಬಳಿದರು, ನನ್ನ ಚಿತ್ರವನ್ನು ದೊಡ್ಡದಾಗಿ ಕಟ್ಟು ಹಾಕಿಸಿ ಕೂರಿಸಿದರು. ಗೂಬಮ್ಮ ಅಂತ ಹೆಸರಾಯಿತು. ಯುಗಾದಿಗೆ ಗಂಟೆ ಬಂತು, ಶ್ರಾವಣಕ್ಕೆ ಟ್ಯೂಬ್‌ಲೈಟು. ಶುಕ್ರವಾರ ಮೈಕು. ಹುಳ ಸಾಕುವವರು ಕುದೂರು, ಮಾಗಡಿ ಕಡೆಯಿಂದಲೂ ಬಂದು ಇಲಿಕಾಟ ಹೋಗಲಿ ಅಂತ ಹರಕೆ ಹೊತ್ತರು. ನಾನು ಬೋರೇಗೌಡನಿಗೆ ಹೇಳಿದೆ, ಅದು ಕತ್ತಲಿನ ಹಕ್ಕಿ, ಸದ್ದಾಗದು, ಬೆಳಕಾಗದು ಅಂತ. ದೇವರಿಗೆ ಬೆಳಕು ಬೇಡವೇ ಮೇಡಮ್ಮ ಅಂತ ಅವನು ನನ್ನನ್ನೇ ಕೇಳಿದ. ತಾಯಮ್ಮ ಜಗಳವಾಡಿ ಒಂದು ವಾರ ಮೈಕು ನಿಲ್ಲಿಸಿದಳು. ಮರುವಾರ ಮತ್ತೆ ಹಾಡಿತು.

ಮತ್ತೆ ಕಾರ್ತಿಕ ಬಂತು. ಕಡ್ಡಿಯ ಮರೆ ಕಟ್ಟಿ, ಗೋಣಿ ಹೊದ್ದು ಕೂತೆ. ಬಂಡೆ ನೀಲಿಯಾಯಿತು, ಬೂದಿಯಾಯಿತು, ಜೇನಿನ ಬಣ್ಣಕ್ಕೆ ಬಂತು. ಚಾಚಿನ ಮೇಲೆ ಯಾರೂ ಇಲ್ಲ. ಹಿಂದಿನ ವರ್ಷದ ಹಿಕ್ಕೆಯ ಬಿಳಿ ಕಲೆಗಳನ್ನು ಮಳೆ ತೊಳೆದಿತ್ತು. ಮುಂದಿನ ವಾರವೂ ಇಲ್ಲ, ಅದರ ಮುಂದಿನ ವಾರವೂ ಇಲ್ಲ. ಅಷ್ಟರಲ್ಲಿ ನನಗೆ ಮಾಗಡಿಗೆ ವರ್ಗವಾಯಿತು. ಹೋಗುವ ಮುಂಚಿನ ಕೊನೆಯ ಸಂಜೆ ಕಟ್ಟೆಯ ಮೇಲೆ ಕೂತಿದ್ದಾಗ ತಾಯಮ್ಮ ಬಂದು ಪಕ್ಕದಲ್ಲಿ ಕೂತಳು. ಗೂಬೆಗಳು ಹೋಗಿಬಿಟ್ಟಿವೆ ಅಂದೆ. ನನ್ನ ದನಿಯಲ್ಲಿ ಸಿಟ್ಟಿತ್ತು, ಅದು ಅವಳ ಮೇಲಿನದಲ್ಲ ಅಂತ ಅವಳಿಗೆ ಗೊತ್ತಿತ್ತು.

"ಶ್ರಾವಣ್ದಿಂದ್ಲೇ ಇಲ್ಲ ಕಣವ್ವ. ಅಟ್ಟದ ಮ್ಯಾಲೆ ಇಲಿ ಸುರುವಾಗವೆ, ನಂಗೊತ್ತಾಗಾಕಿಲ್ವಾ?" ಅಂದಳು. ಚಾಚಿನ ಕಡೆ ಕತ್ತೆತ್ತಿ, "ಇಲ್ಲ ಅಂತ ಊರ್ಗೆ ಗೊತ್ತಾದ್ರೆ ಬಂಡೆ ಉಳಿಯಾಕಿಲ್ಲ. ಬಂಡೆ ಇದ್ರೆ ತಾನೆ ಅವು ತಿರ್ಗ ಬರಾದು," ಅಂದಳು.

ದೂರದಲ್ಲಿ, ಗುತ್ತಿಗೆದಾರ ಹುಡುಕಿಕೊಂಡ ಬೇರೆ ಬಂಡೆಯಲ್ಲಿ, ದಿನದ ಕೊನೆಯ ಮದ್ದು ಸಿಡಿಯಿತು. ಸದ್ದು ಬಂದು ನಮ್ಮ ಬೆನ್ನ ಹಿಂದಿನ ಕಲ್ಲನ್ನು ಮುಟ್ಟಿ ಹೋಯಿತು. ಅಷ್ಟರಲ್ಲಿ ಒಂದು ಸಂಸಾರ ಕಾಯಿ ಹಣ್ಣು ಹಿಡಿದುಕೊಂಡು ಬಂತು. ಗಂಡ, ಹೆಂಡತಿ, ಹೆಂಡತಿಯ ಕಂಕುಳಲ್ಲಿ ಒಂದು ಕೂಸು. ಕೊರಳಿನ ಕ್ಯಾಮೆರಾ ನೋಡಿ, ಎಲ್ಲ ಬಲ್ಲವಳೆಂದುಕೊಂಡು, ಆ ಹೆಂಗಸು ನನ್ನನ್ನೇ ಕೇಳಿದಳು, ಗೂಬಮ್ಮ ಇದ್ದಾಳಾ ಅಂತ. ಅವಳ ಗಂಡನ ಕೈ ಆಗಲೇ ಗಂಟೆಯ ಹಗ್ಗದ ಕಡೆ ಹೋಗಿತ್ತು. ತಾಯಮ್ಮ ನನ್ನ ಮುಖ ನೋಡುತ್ತಿದ್ದಳು.

"ಅವ್ಳೆ," ಅಂದೆ. "ಮಲಗವ್ಳೆ. ಒಸಿ ಸದ್ದು ಮಾಡ್ಬ್ಯಾಡಿ."

ಗಂಡ ಕೈ ಹಿಂದಕ್ಕೆ ತೆಗೆದುಕೊಂಡ. ಕೂಸಿನ ಬಾಯಿಯ ಮೇಲೆ ತಾಯಿ ಮೆಲ್ಲಗೆ ಬೆರಳಿಟ್ಟಳು. ಅವರು ಕಾಯಿಯನ್ನು ಒಡೆಯದೆ ಹಾಗೆಯೇ ಕಟ್ಟೆಯ ಮೇಲಿಟ್ಟು, ಬರಿಗಾಲಲ್ಲಿ, ಹಿಂದಕ್ಕೆ ಹಿಂದಕ್ಕೆ ಹೆಜ್ಜೆಯಿಡುತ್ತಾ, ಖಾಲಿ ಚಾಚಿನ ಕಡೆಗೇ ಮುಖ ಮಾಡಿಕೊಂಡು ಹೋದರು.